ತೊಳೆದು ಕಳೆದ ಐದು ಅಡಿ

ಹೋದ ತಿಂಗಳು ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಇಬ್ಬರು ತರುಣರು ನನ್ನನ್ನು ಗುರುತು ಹಿಡಿದು ಮಾತಾಡಿಸಿದರು. ನಾನು ಮೂವತ್ನಾಲ್ಕು ವರ್ಷ ದುಡಿದು ನಿವೃತ್ತನಾದ ಕೆಲಸಕ್ಕೇ ಅವರು ಹೊಸದಾಗಿ ಸೇರಿದ್ದರು. "ಸರ್ರ, ಈ ಕೋರ್ ಶೆಡ್ಡಿನ ಕೆಲಸ ಖರೇನ ಹೆಂಗಿರ್ತೈತ್ರಿ?" ಎಂದು ಕೇಳಿದರು. ಚಹಾ ಕುಡಿಸಿದರೆ ಹೇಳುತ್ತೇನೆ ಅಂದೆ. ಕುಡಿಸಿದರು. ನಾನು ಶುರು ಮಾಡಿದೆ, ಅರ್ಧಕ್ಕೆ ಬರುವಷ್ಟರಲ್ಲಿ ಅವರ ಬಸ್ಸು ಬಂತು. ಕುಡಿದ ಚಹಾದ ಋಣ ಇಟ್ಟುಕೊಳ್ಳಬಾರದೆಂದು ಪೂರ್ತಿ ಕಥೆ ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಎಲ್ಲಿಗೆ ವರ್ಗವಾಯಿತು ಎಂಬುದೆಲ್ಲ ಇದರಲ್ಲಿಲ್ಲ. ಅವು ನನಗೇ ಸರಿಯಾಗಿ ನೆನಪಿಲ್ಲ.

ಮೊದಲು ಕೆಲಸ ಎಂಥದೆಂದು ಹೇಳುತ್ತೇನೆ. ನೆಲದಡಿ ಎಂಥ ಕಲ್ಲಿದೆ ಎಂದು ನೋಡಲು ನಮ್ಮ ಯಂತ್ರ ಕೊರೆಯುತ್ತದೆ. ಹೊಲದ ಬೋರ್‌ವೆಲ್ ಯಂತ್ರದ ಹಾಗೆ ಕಲ್ಲನ್ನು ಪುಡಿ ಮಾಡಿ ಆಕಾಶಕ್ಕೆ ಊದುವುದಿಲ್ಲ. ತುದಿಗೆ ವಜ್ರದ ಚೂರು ಕೂರಿಸಿದ ಟೊಳ್ಳು ಕೊಳವೆ ತಿರುಗುತ್ತ ಇಳಿಯುತ್ತದೆ, ಅದರ ಹೊಟ್ಟೆಯೊಳಗೆ ಉದ್ದನೆಯ ಕಲ್ಲಿನ ದಿಂಡು ಉಳಿಯುತ್ತದೆ. ಅದೇ ಕೋರ್. ಆ ದಿಂಡನ್ನು ಮೇಲೆತ್ತಿದ ಮೇಲೆ ಮರದ ಪೆಟ್ಟಿಗೆಯ ಸಾಲುಗಳಲ್ಲಿ ಕ್ರಮವಾಗಿ ಜೋಡಿಸಿ, ಎಷ್ಟು ಆಳದಲ್ಲಿ ಏನು ಬಂತು ಎಂದು ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಆ ಪೆಟ್ಟಿಗೆಗಳನ್ನು ಇಡುವ ಜಾಗವೇ ಕೋರ್ ಶೆಡ್ಡು. ನಮ್ಮದು ಹಟ್ಟಿಯ ಚಿನ್ನದ ಗಣಿಯ ಸೀಮೆಯಾದ್ದರಿಂದ ಜನ ನನ್ನನ್ನು ಎಷ್ಟು ಚಿನ್ನ ನೋಡಿದಿರಿ ಎಂದು ಕೇಳುತ್ತಾರೆ. ಕೆಸರು ನೋಡಿದ್ದೇನೆ ಎಂದು ಹೇಳಿದರೆ ನಂಬುವುದಿಲ್ಲ. ಆದರೆ ನನ್ನ ಬಾಳಿನ ಬಹುದೊಡ್ಡ ಸಂಗತಿ ನಡೆದದ್ದು ಕೆಸರಿನಿಂದಲೇ.

ಸೇರಿದ ಮೊದಲ ವಾರ ಒಂದು ಪೆಟ್ಟಿಗೆಯನ್ನು ಪೂರ್ತಿ ತಲೆಕೆಳಗಾಗಿ ಜೋಡಿಸಿದ್ದೆ. ಮೇಲಿನ ಕಲ್ಲು ಕೆಳಗೆ, ಕೆಳಗಿನದು ಮೇಲೆ. ಕೊರೆಯುವ ಮೇಸ್ತ್ರಿ ಖಾಜಾಸಾಬ್ ಅವರು ಬಂದು ನೋಡಿ, "ಅಮರೇಶ, ನೀ ಭೂಮಿಗೆ ಶೀರ್ಷಾಸನ ಹಾಕ್ಸೀಯಲ್ಲೋ" ಎಂದು ನಕ್ಕು, ತಾವೇ ಕೂತು ಸರಿ ಮಾಡಿದರು. ಯಾರಿಗೂ ಹೇಳಲಿಲ್ಲ. ಅಂದಿನಿಂದ ನಾನು ಅವರನ್ನು ಚಾಚಾ ಎಂದು ಕರೆಯತೊಡಗಿದೆ.

ಚಾಚಾ ಲಿಂಗಸುಗೂರಿನವರು. ಓದು ಉರ್ದುವಿನಲ್ಲಿ, ಬೈಗುಳ ಕನ್ನಡದಲ್ಲಿ. ಯಂತ್ರ ತಿರುಗುವಾಗ ಕೊಳವೆಯ ಮೇಲೆ ಅಂಗೈ ಇಟ್ಟು ಕೆಳಗೆ ಯಾವ ಕಲ್ಲು ಸಿಕ್ಕಿದೆ ಎಂದು ಹೇಳುತ್ತಿದ್ದರು. ಹತ್ತಕ್ಕೆ ಒಂಬತ್ತು ಸಲ ಸರಿಯಾಗಿರುತ್ತಿತ್ತು, ಹತ್ತನೆಯ ಸಲ ಕಲ್ಲಿನದೇ ತಪ್ಪು ಅನ್ನುತ್ತಿದ್ದರು. ಕೊರೆಯುವವನ ಮರ್ಯಾದೆ ಇರುವುದು ಕೋರ್ ಪೂರ್ತಿ ಮೇಲೆ ತರುವುದರಲ್ಲಿ. ಹತ್ತು ಅಡಿ ಕೊರೆದರೆ ಹತ್ತು ಅಡಿ ಕಲ್ಲು ಪೆಟ್ಟಿಗೆಯಲ್ಲಿರಬೇಕು. ಅವಸರ ಮಾಡಿ ಒತ್ತಿದರೆ ಮೆತ್ತನೆಯ ಕಲ್ಲು ಒಳಗೇ ಅರೆದು ಹೋಗಿ ಅಡಿಗಟ್ಟಲೆ ಕಳೆಯುತ್ತದೆ. ಚಾಚಾ ಅಂಥ ಕೆಟ್ಟ ಹೆಸರು ಎಂದೂ ತೆಗೆದುಕೊಂಡವರಲ್ಲ.

ನಾನಾದರೋ ತುರ್ವಿಹಾಳದವನು, ಕಾಲುವೆಯ ದಂಡೆಯ ಮೇಲೆ ಬೆಳೆದವನು. ನಮ್ಮ ಮನೆಯಲ್ಲಿ ಏನನ್ನೇ ಆಗಲಿ ಮೂರು ನೀರಿನಲ್ಲಿ ತೊಳೆಯದೆ ಒಳಗೆ ತರುವ ಪದ್ಧತಿ ಇರಲಿಲ್ಲ. ಆಗ ನಮ್ಮ ಕೆಲಸದಲ್ಲೂ ಒಂದು ರೂಢಿಯಿತ್ತು. ಸಾಹೇಬರು ಬರುವ ಮೊದಲು ಕೋರನ್ನು ತೊಳೆದಿಡಬೇಕು, ಕಲ್ಲಿನ ಬಣ್ಣ ಚೆನ್ನಾಗಿ ಕಾಣಬೇಕು. ಉಳಿದವರು ಮೇಲೊಂದು ಚೊಂಬು ನೀರು ಸುರಿದು ಕೈ ಆಡಿಸುತ್ತಿದ್ದರು. ನಾನು ತೆಂಗಿನ ನಾರು ಹಿಡಿದು ತಿಕ್ಕುತ್ತಿದ್ದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತಾರಲ್ಲ, ಆ ಅಗಸ ನಾನೇ.

ಆ ವರ್ಷ ನಮ್ಮ ಬಿಡಾರ ಮಸ್ಕಿ ದಾಟಿ ಲಿಂಗಸುಗೂರಿನ ದಾರಿಯಲ್ಲಿ, ಒಂದು ಗುಡ್ಡದ ಬುಡದಲ್ಲಿತ್ತು. ಅಲ್ಲಿ ಗಣಿಯ ಪರೀಕ್ಷೆಗೆಂದು ಒಂದು ಆಳವಾದ ಬಾವಿ ಇಳಿಸುವ ಯೋಚನೆಯಿತ್ತು. ಜನ ಅದರೊಳಗೆ ಇಳಿದು ಕೆಲಸ ಮಾಡುವವರು, ಆದ್ದರಿಂದ ಮೊದಲು ಕಲ್ಲು ಗಟ್ಟಿಯಿದೆಯೇ ಎಂದು ನಾವು ಕೊರೆದು ನೋಡಬೇಕು. ನೀರು ಮಸ್ಕಿಯಿಂದ ಟ್ಯಾಂಕರಿನಲ್ಲಿ ಬರುತ್ತಿತ್ತು. ನನ್ನ ತೊಳೆಯುವ ಹುಚ್ಚಿಗೆ ಅಡುಗೆಯ ಹುಲಿಗೆಮ್ಮಕ್ಕನಿಗೆ ಬಲು ಸಿಟ್ಟು. ಆಕೆ ಆ ಗುಡ್ಡದ ಆಚೆಯ ಊರಿನವಳು, ನೀರಿನ ಬೆಲೆ ಬಲ್ಲವಳು. "ತಮ್ಮಾ, ಕಲ್ಲಿಗೆ ಜಳಕ ಮಾಡ್ಸಾಕತ್ತಿ, ನೀ ಮಾಡಿ ಎಷ್ಟ್ ದಿನ ಆತು?" ಎಂದು ಎಲ್ಲರೆದುರು ಕೇಳುತ್ತಿದ್ದಳು. ಕೊನೆಗೆ ಆಕೆಯ ಕಾಟಕ್ಕೆ ನಾನು ತೊಳೆದ ನೀರು ಹರಿದು ನಿಲ್ಲಲು ಒಂದು ಸಣ್ಣ ಗುಂಡಿ ತೋಡಿದೆ. ಕೆಸರು ತಳಕ್ಕೆ ಕೂತ ಮೇಲೆ ಮೇಲಿನ ತಿಳಿನೀರನ್ನು ಮತ್ತೆ ಬಳಸುತ್ತಿದ್ದೆ.

ಒಂದು ಸೋಮವಾರ ಚಾಚಾ ಮೇಲೆತ್ತಿ ಕೊಟ್ಟ ಕೋರಿನಲ್ಲಿ ಅರ್ಧ ಗಟ್ಟಿ ಕಲ್ಲಿತ್ತು, ಉಳಿದರ್ಧ ಬೂದು ಬಣ್ಣದ ಮುದ್ದೆ. ನಾದಿಟ್ಟ ಹಿಟ್ಟಿನಷ್ಟು ಮೆತ್ತಗೆ, ನಡುನಡುವೆ ಮುರುಕು ಕಲ್ಲು. ಚಾಚಾ ಅದನ್ನು ಮಗು ಹಿಡಿದಂತೆ ಎರಡೂ ಕೈಯಲ್ಲಿ ತಂದು ಪೆಟ್ಟಿಗೆಯಲ್ಲಿ ಮಲಗಿಸಿ, "ಜ್ವಾಕಿ" ಅಂದು ಹೋದರು. ನಾನು ನೋಡಿದೆ. ಇದೇನು, ಕೊರೆಯುವಾಗಿನ ಕೆಸರೆಲ್ಲ ಮೆತ್ತಿಕೊಂಡಿದೆ ಅನ್ನಿಸಿತು. ನಾರು ತೆಗೆದುಕೊಂಡೆ. ಅರ್ಧ ತಾಸು ತಿಕ್ಕಿದೆ. ಉಳಿದ ಗಟ್ಟಿ ತುಂಡುಗಳು ಫಳಫಳ ಹೊಳೆದವು. ಅವನ್ನು ಒಂದಕ್ಕೊಂದು ಕೂಡಿಸಿ ಅಳೆದೆ, ಐದು ಅಡಿ ಕಡಿಮೆ ಬಂತು. ಅಳತೆಯಲ್ಲಿ ನಾನು ಬಲು ಪ್ರಾಮಾಣಿಕ. ರಿಜಿಸ್ಟರಿನಲ್ಲಿ ದುಂಡಗೆ ಬರೆದೆ: ಐದು ಅಡಿ ಕೋರ್ ಇಲ್ಲ.

ಗುರುವಾರ ಸಿಂಧನೂರಿನ ಕಚೇರಿಯಿಂದ ಜೋಶಿ ಸಾಹೇಬರು ಬಂದರು. ಧಾರವಾಡದ ಕಡೆಯ ಭೂವಿಜ್ಞಾನಿ, ಜಾಣರು, ಮಾತು ಮಾತ್ರ ಸಾಣೆ ಹಿಡಿದದ್ದು. ರಿಜಿಸ್ಟರ್ ನೋಡಿ ಪೆಟ್ಟಿಗೆ ನೋಡಿ ಚಾಚಾನನ್ನು ಕರೆದರು.

"ಖಾಜಾಸಾಬ್, ಐದು ಅಡಿ ಎಲ್ಲಿ ಹೋತು?"

"ಬಂದಿತ್ರೀ ಸಾಹೇಬ್ರ. ಮೆತ್ತಗ ಇತ್ತು, ಆದ್ರ ಪೂರಾ ಬಂದಿತ್ತು."

"ಬಂದಿದ್ರ ತೋರಸ್ರಿ."

ಚಾಚಾ ಪೆಟ್ಟಿಗೆಯ ಕಡೆ ನೋಡಿದರು. ಹೊಳೆಯುವ ಕಲ್ಲು ನೋಡಿದರು. ಮೂಲೆಯಲ್ಲಿ ಒಣಗುತ್ತಿದ್ದ ನಾರು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಅವರಿಗೆ ಎಲ್ಲ ಗೊತ್ತಾಯಿತೆಂದು ನನಗೆ ಗೊತ್ತಾಯಿತು. ತಲೆ ತಗ್ಗಿಸಿದರು.

"ವಯಸ್ಸಾತು ನಿಮಗ," ಅಂದರು ಸಾಹೇಬರು. "ಅವಸರ ಮಾಡಿ ಒತ್ತೀರಿ. ನಾಳಿಂದ ಯಂತ್ರ ಬ್ಯಾರೆಯವರು ನಡಸ್ತಾರ. ನೀವು ಸಿಂಧನೂರಿನ ಯಾರ್ಡಿಗೆ ಹೋಗಿ ಸಾಮಾನು ನೋಡ್ಕೋರಿ. ಈ ಹುಡುಗನ್ನ ಕೇಳ್ತೀನಿ, ಏನೋ ಅಮರೇಶ..."

"ಅವ ಹೊಸಬ ಅದಾನ್ರೀ," ಎಂದು ಚಾಚಾ ನಡುವೆ ಬಾಯಿ ಹಾಕಿದರು. "ಅವಗ ಏನ್ ತಿಳೀತೈತಿ? ಬರೇ ಅಂದ್ರ ಬರ್ದಾನ."

ಕೊಳವೆಯ ಮೇಲೆ ಕೈಯಿಟ್ಟು ಇಡೀ ಭೂಮಿಯ ನಾಡಿ ನೋಡುತ್ತಿದ್ದ ಮನುಷ್ಯ ಯಾರ್ಡಿನಲ್ಲಿ ಕೂತು ನಟ್ಟು ಬೋಲ್ಟು ಎಣಿಸಬೇಕು. ಅದೂ ನನ್ನ ನಾರಿನ ದೆಸೆಯಿಂದ. ಆ ದಿನ ನಾನು ಬಾಯಿ ಬಿಡಲಿಲ್ಲ. ಇದನ್ನು ಮುಚ್ಚಿಟ್ಟು ಬರೆಯುವುದಿಲ್ಲ. ಕೆಲಸ ಹೋದೀತೆಂಬ ಅಂಜಿಕೆ ಅಷ್ಟೆ, ಬೇರೆ ಕಾರಣ ಇರಲಿಲ್ಲ.

ಮರುದಿನ ಬೆಳಿಗ್ಗೆ ಚಾಚಾ ತಮ್ಮ ಟ್ರಂಕು ಕಟ್ಟಿಕೊಂಡು ಒಲೆಯ ಬಳಿ ಚಹಾಕ್ಕೆ ಕೂತಿದ್ದರು. ಸಾಹೇಬರೂ ಅಲ್ಲೇ ಇದ್ದರು. ಚಾಚಾ ನನ್ನನ್ನು ಹತ್ತಿರ ಕರೆದು, "ಹೊಸಾ ಮೇಸ್ತ್ರಿ ಬರ್ತಾನ. ಪೆಟ್ಟಿಗಿ ತಲೆಕೆಳಗ ಮಾಡಿ ಅವನ ಕೈಯಾಗ ಬೈಸ್ಕೋಬ್ಯಾಡ ಬೇಟಾ" ಅಂದರು. ಅಷ್ಟೇ. ನನಗೆ ಅಳು ಬಂತು. ಅಳುತ್ತಲೇ ಸಾಹೇಬರ ಮುಂದೆ ನಿಂತು, "ಕೋರ್ ಬಂದಿತ್ರೀ. ನಾನ ತಿಕ್ಕಿ ತೊಳ್ದೀನ್ರೀ. ಕೆಸರು ಅಂತ ತಿಳ್ದಿದ್ನಿ" ಅಂದೆ.

ಸಾಹೇಬರು ನಂಬಲಿಲ್ಲ. "ನಿಮ್ಮ ಚಾಚಾನ್ನ ಉಳಸ್ಲಿಕ್ಕೆ ಸುಳ್ಳು ಹೇಳ್ಲಿಕ್ಕತ್ತಿ. ಐದು ಅಡಿ ಕಲ್ಲು ಯಾರರೆ ತೊಳದು ಕಳೀತಾರೇನೋ?"

ಆಗ ರೊಟ್ಟಿ ಬಡಿಯುತ್ತಿದ್ದ ಹುಲಿಗೆಮ್ಮಕ್ಕ ತಲೆ ಎತ್ತದೆಯೇ ಹೇಳಿದಳು: "ಎಲ್ಲಿ ಕಳೀತೈತ್ರೀ, ಇಲ್ಲೇ ಐತಲ್ಲ."

ಎಲ್ಲರೂ ಆಕೆಯ ಕಡೆ ತಿರುಗಿದೆವು. ಆಕೆ ಹಿಟ್ಟಿನ ಕೈಯಿಂದ ಒಲೆ ತೋರಿಸಿದಳು. ಮಂಗಳವಾರ ಒಲೆಗೆ ಮೆತ್ತಲು ಮಣ್ಣು ಹುಡುಕುತ್ತಿದ್ದ ಆಕೆಗೆ ನನ್ನ ಗುಂಡಿಯ ತಳದಲ್ಲಿ ಕೂತಿದ್ದ ನುಣುಪಾದ ಬೂದು ಕೆಸರು ಕಂಡಿತ್ತು. ಎರಡು ಬುಟ್ಟಿ ತಂದು ಒಲೆಗೆಲ್ಲ ಮೆತ್ತಿ ಸಾರಿಸಿದ್ದಳು. "ಮಣ್ಣೇನೋ ಬೆಣ್ಣಿ ಆಗಿತ್ರೀ. ಆದ್ರ ನಡುವ ಕರೀ ಕರೀ ಚೂರು. ಗಾಜಿನಂಗ ಹೊಳೀತಾವ, ಕೈಗೆ ಚುಚ್ಚಿದ್ವು. ಈ ಹುಡುಗನ ಗುಂಡ್ಯಾಗ ಬಾಟ್ಲಿ ಯಾರೋ ಒಡದಾರಂತ ಅಂದ್ಕೊಂಡಿದ್ನಿ" ಅಂದಳು.

ಜೋಶಿ ಸಾಹೇಬರು ಚಹಾದ ಲೋಟ ಕೆಳಗಿಟ್ಟು ಒಲೆಯ ಮುಂದೆ ಮಂಡಿಯೂರಿದರು. ಚಾಕುವಿನಿಂದ ಒಲೆಯ ಮೈ ಕೆರೆದು, ಪುಡಿಯನ್ನು ಅಂಗೈಗೆ ಹಾಕಿಕೊಂಡು, ಕೊರಳಿಗೆ ತೂಗುಬಿಟ್ಟ ಭೂತಗನ್ನಡಿ ಹಿಡಿದು ನೋಡಿದರು. ಒಂದು ಕರಿ ಚೂರನ್ನು ಎತ್ತಿ ಬಿಸಿಲಿಗೆ ಹಿಡಿದರು. ಮತ್ತೆ ಕೆರೆದರು. ಹುಲಿಗೆಮ್ಮಕ್ಕ, "ಸಾಹೇಬ್ರ, ಪೂರಾ ಕೆರೀಬ್ಯಾಡ್ರೀ, ಮಧ್ಯಾಹ್ನದ ಅಡಗಿ ಆಗ್ಬೇಕು" ಅಂದದ್ದು ಅವರ ಕಿವಿಗೆ ಬೀಳಲೇ ಇಲ್ಲ. ಎದ್ದು ನಿಂತಾಗ ಅವರ ಮುಖ ಬೇರೆಯೇ ಆಗಿತ್ತು.

"ಖಾಜಾಸಾಬ್, ಟ್ರಂಕು ಬಿಚ್ಚರಿ. ಹತ್ತು ಹೆಜ್ಜಿ ಆಚೆ ಯಂತ್ರ ಹೂಡ್ರಿ. ನೀವ ಕೊರೀಬೇಕು. ಅಮರೇಶ, ಆ ನಾರು ಒಲಿಗೆ ಹಾಕು."

ನಾರು ಒಲೆಗೆ ಹೋಯಿತು. ಯಂತ್ರ ಹೂಡಿ ಆ ಆಳ ಮುಟ್ಟಲು ನಾಲ್ಕು ದಿನ ಬೇಕಾಯಿತು. ಐದನೆಯ ದಿನ ಬೆಳಿಗ್ಗೆ ಚಾಚಾ ಕೊಳವೆಯ ಮೇಲೆ ಅಂಗೈ ಇಟ್ಟವರು, "ಬಂತು" ಅಂದರು. ನೀರು ಸಣ್ಣಗೆ ಮಾಡಿದರು, ವೇಗ ಇಳಿಸಿದರು. ಹತ್ತು ಅಡಿಗೆ ಅರ್ಧ ದಿನ ತೆಗೆದುಕೊಂಡರು. ಕೊಳವೆ ಮೇಲೆತ್ತಿ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವಾಗ ನಾವೆಲ್ಲ ಸುತ್ತ ನೆರೆದಿದ್ದೆವು. ಮೊದಲು ಗಟ್ಟಿ ಕಲ್ಲು ಜಾರಿ ಬಂತು, ಅದರ ಮೈಯಲ್ಲಿ ದಾರದಂಥ ಕರಿ ಗೆರೆಗಳು. ಅದರ ಹಿಂದೆ ಚೂರು ಚೂರಾದ ಕಲ್ಲು. ಅದರ ಹಿಂದೆ ಆ ಬೂದು ಮುದ್ದೆ. ನಾನು ಅಳೆದೆ. ಹತ್ತಕ್ಕೆ ಹತ್ತು. ಮುದ್ದೆ ಒಂದೇ ಐದು ಅಡಿ ಇತ್ತು.

ಆವತ್ತು ಮಧ್ಯಾಹ್ನ ಊಟ ತಣ್ಣಗಾಗುತ್ತಿದ್ದರೂ ಸಾಹೇಬರು ಪೆಟ್ಟಿಗೆಯ ಪಕ್ಕ ಕೂತು ನಮಗೆಲ್ಲ ಹೇಳಿದರು. ನೆಲದೊಳಗೆ ಬಿರುಕಿನ ಎರಡು ಕಡೆಯ ಬಂಡೆಗಳು ಒಂದನ್ನೊಂದು ಒತ್ತಿಕೊಂಡು ನಿಂತಿರುತ್ತವೆ. ತಡೆಯಲಾರದಷ್ಟು ಒತ್ತಡವಾದಾಗ ಹಿಡಿತ ತಪ್ಪಿ ಸರಕ್ಕನೆ ಜಾರುತ್ತವೆ. ಮೇಲಿರುವವರಿಗೆ ಅದೇ ಭೂಕಂಪ. ನಡುವೆ ಸಿಕ್ಕ ಕಲ್ಲು ಮೊದಲು ಒಡೆಯುತ್ತದೆ, ಆಮೇಲೆ ನುರಿಯುತ್ತದೆ, ಕೊನೆಗೆ ಹಿಟ್ಟಾಗುತ್ತದೆ. ನಾನು ತೊಳೆದು ಕಳೆದದ್ದು ಆ ಹಿಟ್ಟನ್ನು.

"ಮತ್ತ ಈ ಕರೀ ಗೆರಿ?" ಎಂದು ಚಾಚಾ ಕೇಳಿದರು.

"ಅದು ಕರಗಿದ ಕಲ್ಲು. ಆಳದಾಗ ಭಾಳ ಜೋರಾಗಿ ಜಾರಿದ್ರ ಆ ತಿಕ್ಕಾಟಕ್ಕ ಕಲ್ಲು ಕರಗಿ ನೀರಾಗ್ತದ. ಕೆಲವೇ ಸೆಕೆಂಡಿನ ಆಟ. ಆ ನೀರು ಪಕ್ಕದ ಬಿರುಕಿಗೆ ನುಗ್ಗಿ ಅಲ್ಲೇ ಆರಿ ಗಾಜಾಗ್ತದ."

ನಾನು ನಕ್ಕುಬಿಟ್ಟೆ. "ಬೆಂಕಿ ಇಲ್ದ ಕಲ್ಲು ಕರಗ್ತೈತೇನ್ರೀ?"

ಸಾಹೇಬರು ಬಾಯಿ ತೆರೆಯುವ ಮೊದಲೇ ಹುಲಿಗೆಮ್ಮಕ್ಕ ಉತ್ತರ ಕೊಟ್ಟಳು. "ಯಾಕ ನಗ್ತೀ ತಮ್ಮಾ? ಗಿರಣ್ಯಾಗ ಜ್ವಾಳ ಬೀಸ್ಕೊಂಡು ಬಂದ್ರ ಹಿಟ್ಟು ಕೈ ಸುಡಂಗಿಲ್ಲೇನು? ಅಲ್ಲಿ ಯಾರ ಬೆಂಕಿ ಹಚ್ಚಿರ್ತಾರ? ಸಣ್ಣ ಗಿರಣಿಗೆ ಹಿಟ್ಟು ಬಿಸಿ ಆದ್ರ, ಇಷ್ಟ ದೊಡ್ಡ ಗಿರಣಿಗೆ ಕಲ್ಲು ಕರಗೂದಿಲ್ಲೇನು?"

ಸಾಹೇಬರು ಹೌದೆಂದು ತಲೆಯಾಡಿಸಿದರು. ಮುಂದೆ ಅವರು ಎಲ್ಲಿ ಪಾಠ ಮಾಡಿದರೂ ಆ ಗಿರಣಿಯ ಮಾತು ಬಿಡಲಿಲ್ಲ, "ನಮ್ಮ ಹುಲಿಗೆಮ್ಮ ಹೇಳಿದಾಳ" ಎಂದೇ ಹೇಳುತ್ತಿದ್ದರು. ಒಲೆಯ ಕೆಸರಿನಲ್ಲಿದ್ದ ಕರಿ ಚೂರುಗಳು ಅವರಿಗೆ ಇನ್ನೊಂದು ಸಂಗತಿ ಹೇಳಿದ್ದವು. ಮೊದಲು ಆಳದಲ್ಲಿ ಕಲ್ಲು ಕರಗಿ ಗಾಜಾಗಿದೆ. ಎಷ್ಟೋ ಕಾಲದ ಮೇಲೆ, ಮೇಲಿನ ನೆಲ ಸವೆದು ಆ ಕಲ್ಲು ಮೇಲಕ್ಕೆ ಬಂದಾದ ಮೇಲೆ, ಅದೇ ಬಿರುಕು ಮತ್ತೆ ಜಾರಿ ಆ ಗಾಜನ್ನೂ ಅರೆದಿದೆ. ಒಂದೇ ಜಾಗ, ಎರಡು ಕಾಲದ ಜಾರು. ಬಾವಿ ಇಳಿಸಬೇಕೆಂದಿದ್ದದ್ದು ಆ ಹಿಟ್ಟಿನ ನಟ್ಟನಡುವೆ. ಗೋಡೆ ನಿಲ್ಲುತ್ತಿರಲಿಲ್ಲ, ಒಳಗೆ ಇಳಿದವರು ಮೇಲೆ ಬರುತ್ತಿರಲಿಲ್ಲ. ಬಾವಿಯ ಜಾಗ ಬದಲಾಯಿತು.

ಸಾಹೇಬರು ಎಲ್ಲರೆದುರು ಎದ್ದು ನಿಂತು ಚಾಚಾನಿಗೆ ಕೈ ಮುಗಿದರು. "ಖಾಜಾಸಾಬ್, ನಾ ತಪ್ಪು ಮಾಡ್ದೆ. ನಿಮ್ಮ ಮಾತು ನಂಬಬೇಕಾಗಿತ್ತು."

ಚಾಚಾ ಗಡ್ಡ ನೀವಿಕೊಂಡು, "ಇರ್ಲಿ ಬಿಡ್ರೀ ಸಾಹೇಬ್ರ. ಆದ್ರ ನನಗ ವಯಸ್ಸಾತು ಅಂದ್ರೆಲ್ಲ, ಆ ಒಂದ್ ಮಾತು ಮಾತ್ರ ವಾಪಸ್ ತಗೋರಿ" ಅಂದರು. ಬಿಡಾರವೆಲ್ಲ ನಕ್ಕಿತು. ಸಾಹೇಬರು ಅದನ್ನೂ ವಾಪಸ್ ತೆಗೆದುಕೊಂಡರು.

ಆಮೇಲೆ ನನ್ನ ಕಡೆ ತಿರುಗಿ ಹಳೆಯ ರಿಜಿಸ್ಟರ್ ತರಿಸಿದರು. ಐದು ಅಡಿ ಕೋರ್ ಇಲ್ಲ ಎಂದು ಬರೆದಿದ್ದೆನಲ್ಲ, ಅದರ ಪಕ್ಕದಲ್ಲಿ ನಡೆದದ್ದು ನಡೆದಂತೆ ಬರೆ ಅಂದರು. ಬರೆದೆ. ಚಾಚಾ ಕೆಳಗೆ ಉರ್ದುವಿನಲ್ಲಿ ಸಹಿ ಹಾಕಿದರು. ನನ್ನ ಕೆಲಸ ಹೋಗಲಿಲ್ಲ.

ಆಮೇಲೆ ನಾನು ದೊಡ್ಡ ಪಂಡಿತನಾಗಿಬಿಟ್ಟೆ, ಅದಕ್ಕೂ ತಕ್ಕ ಶಾಸ್ತಿಯಾಯಿತು. ಮುಕ್ಕುಂದದ ಕಡೆಯ ಒಬ್ಬ ಮಾಸ್ತರರು ಹೊಲದಲ್ಲಿ ಸಿಕ್ಕಿತೆಂದು ಒಂದು ಕರಿ ಗಾಜುಗಲ್ಲು ತಂದು ತೋರಿಸಿದರು. ನಾನು ಮುಂದೆ ಹಿಂದೆ ನೋಡದೆ, ಇದು ಭೂಕಂಪದಲ್ಲಿ ಕರಗಿದ ಕಲ್ಲು ಎಂದು ಗಿರಣಿಯ ಉದಾಹರಣೆ ಸಮೇತ ಉಪನ್ಯಾಸ ಬಿಗಿದೆ. ಮಾಸ್ತರರು ಹಿಗ್ಗಿ ಹೋದರು. ಅದನ್ನು ಶಾಲೆಯ ಕಪಾಟಿನಲ್ಲಿ ಚೀಟಿ ಅಂಟಿಸಿ ಇಟ್ಟರು. ತಿಂಗಳಾದ ಮೇಲೆ ಅವರದೇ ಊರಿನ ಮುದುಕ ಕಂಬಾರರು ಶಾಲೆಗೆ ಬಂದವರು ಅದನ್ನು ಕಂಡು, "ಇದು ನಮ್ಮಪ್ಪನ ಕುಲುಮಿಯ ಕಿಟ್ಟ, ಕಬ್ಬಿಣ ಕಾಸಿದಾಗ ಉಳಿಯೋ ಕಸ. ಆ ಹೊಲದ ಮೂಲ್ಯಾಗ ಚೆಲ್ತಿದ್ವಿ, ಇನ್ನೂ ಎರಡು ಬುಟ್ಟಿ ಅದಾವ, ಬೇಕೇನ್ರೀ?" ಅಂದರಂತೆ. ಹೊಸಬರು ಇದನ್ನು ನೆನಪಿಡಿ. ಬಿಡಿ ಕಲ್ಲನ್ನು ಕೈಯಲ್ಲಿ ಹಿಡಿದು ಜಾಣತನ ತೋರಿಸಬೇಡಿ. ಕರಗಿದ ಗೆರೆ ಬಂಡೆಯ ಮೈಯೊಳಗೇ ಕೂತಿರಬೇಕು, ಬಿರುಕಿನಿಂದ ಕವಲೊಡೆದು ಹೋಗಿರಬೇಕು. ಅದನ್ನು ಎಲ್ಲಿಂದ ಕಿತ್ತರೆಂದು ತಿಳಿಯದೆ ಏನನ್ನೂ ಹೇಳಬಾರದು.

ಕೆಲಸದ ರೀತಿ ಈಗ ತುಂಬ ಬದಲಾಗಿದೆ. ಕೊಳವೆಯೊಳಗೆ ಇನ್ನೆರಡು ಕೊಳವೆ ಬಂದಿವೆ. ಒಳಗಿನದು ಉದ್ದಕ್ಕೆ ಎರಡು ಹೋಳಾಗಿ ತೆರೆದುಕೊಳ್ಳುತ್ತದೆ, ಎಂಥ ಹಿಟ್ಟಾದರೂ ಮಲಗಿದಂತೆಯೇ ಸಿಗುತ್ತದೆ. ಮೊದಲು ಫೋಟೋ, ಆಮೇಲೆ ಅಳತೆ, ಎಲ್ಲಕ್ಕಿಂತ ಕೊನೆಗೆ ನೀರು. ಬರೆಯುವುದು ಟ್ಯಾಬ್ಲೆಟ್ಟಿನಲ್ಲಿ. ಈ ಬದಲಾವಣೆಗಳೆಲ್ಲ ನನಗೆ ಖುಷಿಯೇ. ಹಿಂದಿನದೇ ಚೆಂದ ಎಂದು ಹೇಳುವ ಮುದುಕ ನಾನಲ್ಲ. ಹಿಂದಿನದರಲ್ಲಿ ನಾನೇ ಇದ್ದೆನಲ್ಲ, ನಾರು ಹಿಡಿದುಕೊಂಡು.

ನಿವೃತ್ತಿಯ ದಿನ ಕೋರ್ ಶೆಡ್ಡಿನಲ್ಲೇ ಶಾಲು ಹೊದಿಸಿದರು. ಹುಲಿಗೆಮ್ಮಕ್ಕ ಮೊಮ್ಮಗಳ ಕೈ ಹಿಡಿದು ಬಂದು ಮುಂದಿನ ಕುರ್ಚಿಯಲ್ಲೇ ಕೂತಳು. ಚಾಚಾ ಕೋಲೂರಿಕೊಂಡು ಲಿಂಗಸುಗೂರಿನಿಂದ ಬಂದರು. ಕಣ್ಣು ಮಂದವಾಗಿತ್ತು, ಅಂಗೈ ಮಾತ್ರ ಹಾಗೇ ಇತ್ತು. ಬಂದವರೇ ಅಲ್ಲಿದ್ದ ಕೋರಿನ ಮೇಲೆ ಕೈಯಾಡಿಸಿ ಅದು ಎಂಥ ಕಲ್ಲೆಂದು ಹೇಳಿದರು, ಸರಿಯಾಗಿಯೇ ಹೇಳಿದರು. ಭಾಷಣಗಳು ಮುಗಿದ ಮೇಲೆ ಹೊಸದಾಗಿ ಬಂದಿದ್ದ ಭೂವಿಜ್ಞಾನಿ ಹುಡುಗಿ ಕಪಾಟಿನಿಂದ ಒಂದು ಹಳೆಯ ರಿಜಿಸ್ಟರ್ ತಂದು, "ಸರ್, ಇದ್ರಾಗ ಒಂದು ಕಡೆ ಏನೋ ವಿಚಿತ್ರ ಬರ್ದದ. ಕೆಳಗ ಉರ್ದು ಸಹಿ ಅದ. ಯಾರ್ದಿದು?" ಎಂದು ಕೇಳಿದಳು. ಅದು ಅದೇ ಹಾಳೆ.

"ಸಹಿ ನಂದೇ" ಅಂದರು ಚಾಚಾ. ಆಮೇಲೆ ನನ್ನ ಕಡೆ ತಿರುಗಿ, "ಅದ್ರಾಗ ಏನ್ ಬರ್ದಿದ್ದಿ ಬೇಟಾ? ನನಗ ಕನ್ನಡ ಓದಾಕ ಬರಂಗಿಲ್ಲ. ಆವತ್ತ ಸಾಹೇಬ್ರು ಸಹಿ ಮಾಡ್ರಿ ಅಂದ್ರು, ಮಾಡಿದ್ನಿ. ಕೇಳಾಕ ಯಾಕೋ ನಾಚಿಕಿ ಆತು" ಅಂದರು.

ಇಷ್ಟು ವರ್ಷ ಅವರಿಗೆ ಗೊತ್ತೇ ಇರಲಿಲ್ಲ. ಏನಿದೆ ಎಂದು ತಿಳಿಯದೆ ನನ್ನ ಬರಹದ ಕೆಳಗೆ ಸಹಿ ಹಾಕಿದ್ದರು. ನಾನು ಕನ್ನಡಕ ಏರಿಸಿ ಎಲ್ಲರೂ ಕೇಳುವಂತೆ ಓದಿದೆ: "ಕೋರ್ ಪೂರ್ತಿ ಬಂದಿತ್ತು. ಕೊರೆದವರ ತಪ್ಪಿಲ್ಲ. ತೊಳೆದು ಕಳೆದವನು ನಾನು, ಅಮರೇಶ."

ಚಾಚಾ ಕೋಲಿನ ಮೇಲೆ ಗದ್ದ ಇಟ್ಟು ಮುಂದಕ್ಕೆ ಬಾಗಿದರು.

"ಆ ನಡುವಿನ ಮಾತು," ಅಂದರು, "ಇನ್ನೊಂದ್ ಸಲ ಓದು."

ಓದಿದೆ.